ಬೆನ್ನು ನೋಡುವ ಪತ್ತೇದಾರಿ

ಸಾಕು ಬಿಡಪ್ಪ, ಆ ಬಟನ್ ಒತ್ತಿ ಒತ್ತಿ ಸವೆಸಬೇಡ! ಕೆಳಗಿಂದ ಕೂಗಿ ಹೇಳಿದ್ದು ಕೇಳಿಸಲಿಲ್ವಾ? ರಿಪೇರಿಯವನು ಬರೋವರೆಗೂ ಈ ಲಿಫ್ಟು ಕದಲೋದಿಲ್ಲ. ಎರಡು ಮಹಡಿ ಮಧ್ಯೆ ತ್ರಿಶಂಕುಗಳ ಹಾಗೆ ನಿಂತಿದ್ದೀವಿ, ಅತ್ತಿಗೆ ಮೈದುನ ಇಬ್ಬರೂ. ಅಯ್ಯೋ, ಏನು ಸೆಕೆ! ಕಾಲರ್ ಬಟನ್ ಬಿಚ್ಚು. ಯೂನಿಫಾರ್ಮ್ ಮರ್ಯಾದೆ ಆಮೇಲೆ ನೋಡೋಣ.

ಹೆದರಬೇಡ. ಮೇಲೆ ಯಜಮಾನಿ ಮೇಡಂ ಮುಂದೆ ನೀನು ಬಾಯೇ ಬಿಡಬೇಡ, ನಾನು ಮಾತಾಡ್ತೀನಿ. ಅಲ್ಲ, ಚಿತ್ರಶಾಲೆಯ ಕಾವಲುಗಾರ ಅಂದ ಮಾತ್ರಕ್ಕೆ ಕಳ್ಳತನಕ್ಕೆಲ್ಲ ನೀನೇ ಹೊಣೆಯಾ? ಗೋಡೆಗೆ ಬಣ್ಣ ಬಳೀಬೇಕು ಅಂದ್ರು. ಶುಕ್ರವಾರ ನೀನು ಕೆಂಪು ಬಾಗಿಲಿನ ಚಿತ್ರ ಇಳಿಸಿ, ಉಜ್ಜಿ ಹೋಗದ ಹಾಗೆ ಮುಖ ಗೋಡೆ ಕಡೆ ಮಾಡಿ, ಸ್ಟೋರ್ ರೂಮಲ್ಲಿ ಇಟ್ಟೆ. ಸೋಮವಾರ ನೋಡಿದ್ರೆ ಮಾಯ! ಕೀಲಿ ನಿನ್ನ ಹತ್ರ ಇತ್ತು ಅಂತ ಕೆಲಸದಿಂದ ತೆಗೆಯೋದಾ? ನಿನ್ನ ಮಗಳ ಕಾಲೇಜು ಇನ್ನೂ ಎರಡು ವರ್ಷ ಇದೆ. ಈ ಕೆಲಸಕ್ಕೆ ನಿನ್ನ ಕರಕೊಂಡು ಬಂದವಳು ನಾನು... ನನಗೆ ಹೊಟ್ಟೆ ಉರಿಯಲ್ವಾ?

ಅದಕ್ಕೇ ಅಲ್ವಾ ಮೂರು ದಿನದಿಂದ ಪತ್ತೇದಾರಿ ಕೆಲಸಕ್ಕೆ ಇಳಿದಿದ್ದು! ಯಾಕೆ, ಮುಖ ಯಾಕೆ ಹಾಗೆ ಮಾಡ್ತೀಯ? ಚಿತ್ರಗಳಿಗೆ ಕಟ್ಟು ಹಾಕೋಳಿಗೆ ಬುದ್ಧಿ ಇರಬಾರದಾ? ವಾಚ್ ರಿಪೇರಿಯವನ ಹತ್ರ ಭೂತಗನ್ನಡಿ ಇಸಕೊಂಡು ಬಂದು ಸ್ಟೋರಿನ ನೆಲ ಪೂರ್ತಿ ನೋಡಿದೆ. ಮಂಡಿ ಚಿಪ್ಪು ಇನ್ನೂ ನೋಯ್ತಿದೆ. ಏನು ಸಿಕ್ತು ಗೊತ್ತಾ? ಒಂದು ಬಿಸ್ಕತ್ ಚೂರು! ನಗಬೇಡ. ಬಿಸ್ಕತ್ತು ತಿನ್ನುತ್ತಾ ಓಡಾಡೋನು ಇಲ್ಲಿ ಒಬ್ಬನೇ. ಆ ವಿಮರ್ಶಕ, ಈ ಸೆಕೇಲೂ ಉದ್ದ ಕೋಟು ಹಾಕ್ಕೊಂಡು ಬರ್ತಾನಲ್ಲ, ಅವನು. ಆ ಕೋಟಿನೊಳಗೆ ಕೆಂಪು ಬಾಗಿಲೇನು, ಮನೆ ಬಾಗಿಲೇ ಹಿಡಿಸುತ್ತೆ!

ಕೋಟು ಬಿಚ್ಚಿಸಬೇಕಲ್ಲ ಅಂತ ನಿನ್ನೆ ಅವನ ಮೇಲೆ ಟೀ ಚೆಲ್ಲಿದೆ. ಹೌದು, ನಾನೇ! ಬೇಕು ಅಂತಲೇ! ಪಾಪ, ಕುಣಿದಾಡಿಬಿಟ್ಟ. ಕೋಟಿನೊಳಗೆ ಅರ್ಧ ಪೊಟ್ಟಣ ಬಿಸ್ಕತ್ತು, ಒಂದು ಬಾಚಣಿಗೆ. ಅಷ್ಟೇ. ಆದ್ರೂ ನಾನು ಬಿಡಲ್ಲ. ಮೇಡಂಗೆ ಅವನ ಹೆಸರೇ ಹೇಳ್ತೀನಿ. ಸ್ಟೂಲ್ ಬೇಕು ಅಂತ ಶನಿವಾರ ಸ್ಟೋರಿಗೆ ಹೋಗಿದ್ದ ತಾನೇ? ನೀನೇ ಬೀಗ ತೆಗೆದುಕೊಟ್ಟೆ.

ಏನು? ನಾನೂ ಹೋಗಿದ್ದೆನಾ? ಹೋಗಿರ್ತೀನಪ್ಪ, ನನ್ನ ರಟ್ಟುಗಳೆಲ್ಲ ಅಲ್ಲೇ ಅಲ್ವಾ ಇರೋದು! ಕಟ್ಟು ಹಾಕೋಳು ರಟ್ಟಿಗೆ ಹೋಗದೆ ಇನ್ನೆಲ್ಲಿಗೆ ಹೋಗ್ತಾಳೆ?

ಆ ಕೋಟಿನವನು ಕದ್ದೂ ಏನು ಬಾಚಿಕೊಂಡ ಹೇಳು. ಸಹಿ ಇಲ್ಲದ ಚಿತ್ರ ಯಾರು ಕೊಳ್ತಾರೆ?

...

ಏನಿಲ್ಲ. ಬಾಯಿ ತಪ್ಪಿ ಬಂತು. ಈ ಬಲ್ಬು ಬೇರೆ ಮಿಣುಕು ಮಿಣುಕು ಅಂತ... ತಲೆ ಸುತ್ತುತ್ತಿದೆ ನನಗೆ.

ಯಾಕೋ ಸುಮ್ನೆ ನಿಂತೆ? ಕೇಳಲ್ವಾ? "ಸಹಿ ಎಲ್ಲಿ ಹೋಯ್ತು ಅತ್ತಿಗೆ, ಚಿತ್ರ ಕಳೆದಿದೆ ಅಷ್ಟೇ, ಸಹಿ ಇಲ್ಲ ಅಂತ ನಿಮಗೆ ಹೇಗೆ ಗೊತ್ತು?" ಅಂತ ಕೇಳಬೇಕಿತ್ತಲ್ಲ ನೀನು! ಯಾರಾದ್ರೂ ಕೇಳೋರು. ಕೇಳೋ!

ನೆಲ ಯಾಕೆ ನೋಡ್ತೀಯ... ಇತ್ತ ನೋಡು. ನೋಡು ಅಂದೆ.

ಅಯ್ಯೋ ದೇವರೇ. ಸೋಮವಾರ ಸಂಜೆ ನನ್ನ ಕಸದ ಬುಟ್ಟಿ ಖಾಲಿ ಮಾಡಿದ್ದು ನೀನು. ಆ ರಟ್ಟಿನ ಪಟ್ಟಿ ನೋಡಿದೆಯಾ? ಕೆಂಪು ಬಣ್ಣದ್ದು, ತುದೀಲಿ ಸಹಿ ಇದ್ದದ್ದು... ನೋಡಿದ್ದೀಯ. ಮೂರು ದಿನದಿಂದ ಎಲ್ಲರ ಹತ್ರ ಕಳ್ಳ ಅನ್ನಿಸಿಕೊಳ್ತಾ... ಈಗ ನನ್ನ ಬಿಸ್ಕತ್ ಕಥೇನೂ ಕೇಳ್ತಾ ನಿಂತಿದ್ದೆಯಾ!

ಕದ್ದಿಲ್ಲ ಕಣೋ, ನಿನ್ನಾಣೆ! ಶನಿವಾರ ಮೇಡಂ ರೂಮಿನ ಕೆರೆ ಚಿತ್ರಕ್ಕೆ ಹೊಸ ಕಟ್ಟು ಹಾಕ್ತಿದ್ದೆ. ಹಿಂದಕ್ಕೆ ಒಂದು ರಟ್ಟು ಬೇಕಿತ್ತು. ಆ ಕೆಂಪು ಬಾಗಿಲಿನ ಪುಣ್ಯಾತ್ಮ ಚಿತ್ರ ಬರೆದಿರೋದೂ ರಟ್ಟಿನ ಮೇಲೇ! ಗೋಡೆಗೆ ಮುಖ ಮಾಡಿ ನಿಂತಿತ್ತು, ಬೆನ್ನ ತುಂಬ ಟೀ ಕಲೆ. ಮೂವತ್ತು ವರ್ಷದಿಂದ ಚಿತ್ರಗಳ ಬೆನ್ನು ನೋಡಿದವಳು ನಾನು, ತಿರುಗಿಸಿ ಮುಖ ನೋಡೋ ಅಭ್ಯಾಸವೇ ಇಲ್ಲ. ಅಳತೆಗೆ ಎರಡು ಬೆರಳು ಜಾಸ್ತಿ ಇತ್ತು. ಸರ್ರ್ ಅಂತ ಕತ್ತರಿಸಿದೆ. ಮೊಳೆ ಹೊಡೆದೆ, ಕಂದು ಕಾಗದ ಅಂಟಿಸಿದೆ. ಸೋಮವಾರ ಗಲಾಟೆ ಎದ್ದಾಗ ಕೆಳಗೆ ಬಿದ್ದಿದ್ದ ಪಟ್ಟಿ ಎತ್ತಿ ನೋಡ್ತೀನಿ... ಕೆಂಪು ಬಣ್ಣ, ಸಹಿ! ಕಸದ ಬುಟ್ಟಿಯ ತಳಕ್ಕೆ ತುರುಕಿಬಿಟ್ಟೆ.

ಹೇಳೋಣ ಅಂದ್ಕೊಂಡೆ. ಪ್ರತಿ ದಿನ ಅಂದ್ಕೊಂಡೆ. ಹೇಳಿದ್ರೆ ನನ್ನ ಕೈಗೆ ಇನ್ನು ಯಾರು ಚಿತ್ರ ಕೊಡ್ತಾರೆ? ಹೆದರಿಕೆ ಕಣೋ. ನೀನು ಗಂಡಸು, ಎಲ್ಲಾದರೂ ಬೇರೆ ಕೆಲಸ ಸಿಗುತ್ತೆ ಅಂತಾನೂ... ಹೂಂ, ಅದನ್ನೂ ಯೋಚಿಸಿದೆ. ಥೂ ನನ್ನ ಜನ್ಮಕ್ಕೆ!

ಬೈಯೋ ನನ್ನ. ಒಂದು ಮಾತು ಬೈದುಬಿಡು. ನೀನು ಹೀಗೆ ಸುಮ್ನೆ ನಿಂತರೆ ಈ ಡಬ್ಬಿಯೊಳಗೆ ನನಗೆ ಉಸಿರು ಕಟ್ಟುತ್ತೆ...

ಅಯ್ಯೋ, ಅಲ್ಲಾಡ್ತು. ಮೇಲೆ ಹೋಗ್ತಿದೆ. ಇನ್ನೊಂದು ಸ್ವಲ್ಪ ಹೊತ್ತು ನಿಂತಿರಬಾರದಿತ್ತಾ ಇದು! ಬಾಗಿಲು... ನೀನು ನನ್ನ ಹಿಂದೆ ನಿಲ್ಲು.

ಮೇಡಂ, ನಮಸ್ಕಾರ. ನಿಮ್ಮ ರೂಮಿನ ಕೆರೆ ಚಿತ್ರ ಕೆಳಗಿಳಿಸಿ. ಅದರ ಬೆನ್ನು ಹರೀಬೇಕು, ನಾನೇ ಹರೀತೀನಿ. ಇಲ್ಲ ಮೇಡಂ, ಅವನನ್ನ ಏನೂ ಕೇಳಬೇಡಿ. ಅವನು ಹೇಳೋದಿಲ್ಲ.