ಗೇಟಿನ ಪುಸ್ತಕದಲ್ಲಿ ಕೊನೆಯ ಹೆಸರು

೧೯೮೪. ನಾಗಸಂದ್ರದ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಇಬ್ಬರು ಕಾರ್ಖಾನೆ ವಾಚ್‌ಮನ್‌ಗಳು ನಿಂತಿದ್ದರು. ಕಿರಿಯವನು ಹಿರಿಯನನ್ನು ನಲ್ಲಪ್ಪಣ್ಣ ಎನ್ನುತ್ತಿದ್ದ.

"ನಿಮ್ ಫ್ಯಾಕ್ಟ್ರಿ ಕಬಡ್ಡಿ ಟೀಮಿಗೆ ಮನಸ್ಸಿನ ಡಾಕ್ಟ್ರು ಬರ್ತಿದ್ರಲ್ಲ ನಲ್ಲಪ್ಪಣ್ಣ, ಪರ್ಮನೆಂಟ್ ಆದ್ರಾ?"

"ಎಲ್ಲಿ ಆಯ್ತಾರೆ? ಮೂರ್‌ಮೂರು ತಿಂಗಳ ಕಾಗದ. ಎರಡು ವರ್ಷ ದಿನಾ ವಿಸಿಟರ್ ಪುಸ್ತಕದಲ್ಲಿ ಬರೆದೇ ಒಳಗೋಗ್ತಿದ್ರು."

"ರೂಮು ಕೊಟ್ಟಿರ್ಲಿಲ್ವಾ?"

"ಸೈಕಲ್ ಸ್ಟ್ಯಾಂಡಲ್ಲಿ ಒಂದು ಸ್ಟೂಲು. ಅಲ್ಲೇ ಕೂತು, ರೇಡ್ ಅಂದ್ರೆ ನಡುಗ್ತಿದ್ದ ಹುಡುಗನ್ನ ಹುಲಿ ಮಾಡ್ಬಿಟ್ರು ಕಣೋ! ಟೀಮಿಗೆ ಕಪ್ಪೂ ಬಂತು."

"ಆಮೇಲೆ?"

"ಹುಡುಗ್ರ ಭಯ ಹೋಯ್ತಲ್ಲ, ಇನ್ನು ನೀವ್ಯಾಕೆ ಅಂದ್ರಂತೆ ಆಫೀಸ್ನೋರು. ನಿನ್ನೆಗೆ ಮುಗೀತು."

"ಅಯ್ಯೋ ಪಾಪ! ಬೇಜಾರು ಮಾಡ್ಕೊಂಡ್ರಾ?"

"ಕೇಳಿಲ್ಲಿ. 'ಯಾರನ್ನು ನೋಡಬೇಕು' ಅನ್ನೋ ಕಡೆ ದಿನಾ ಒಬ್ಬ ಆಟಗಾರನ ಹೆಸರು ಬರೀತಿದ್ರು. ನಿನ್ನೆ ನನ್ನ ಹೆಸರು ಬರೆದ್ರು."

"ನಿಮ್ದಾ? ಯಾಕಣ್ಣ?"

"ನನ್ನ ಕಾಂಟ್ರಾಕ್ಟೂ ಈ ತಿಂಗಳಿಗೆ ಮುಗೀತದೆ. ಮನೇಲೂ ಹೇಳಿರ್ಲಿಲ್ಲ. ಪುಸ್ತಕ ಕೊಡುವಾಗ ನನ್ನ ಕೈ ನಡುಗೋದು ಅವ್ರಿಗೆ ಕಂಡಿತ್ತಂತೆ. ಸ್ಟೂಲು ತಂದು ಗೇಟಿನ ಪಕ್ಕ ಹಾಕ್ಕೊಂಡು, ಹೇಳಿ ನಲ್ಲಪ್ಪ ಅಂದ್ರು. ತಮ್ಮ ಕೆಲಸ ಹೋದ ದಿನ ಕಣೋ!"

ಅಷ್ಟರಲ್ಲಿ ಬಸ್ ಬಂತು. ಇಬ್ಬರೂ ಮುಂದೆ ಸರಿದರು. ಫುಟ್‌ಬೋರ್ಡಿನ ಮೇಲೆ ಕಾಲಿಡುತ್ತಾ ನಲ್ಲಪ್ಪ ಅಂದದ್ದು ನನಗೆ ಕೇಳಿಸಿತು:

"ವಿಸಿಟರ್ ಹೊರಡುವಾಗ, ಅವರು ಯಾರನ್ನ ನೋಡಕ್ಕೆ ಬಂದಿದ್ರೋ ಅವ್ರು ಸೈನ್ ಹಾಕ್ಬೇಕಲ್ಲ, ನಾನೇ ಹಾಕ್ದೆ. ಕೈ ನಡುಗ್ಲಿಲ್ಲ."