ಅಮ್ಮ ಒಪ್ಪಿದರೆ ಸಹಿ

ಪರದೇಶದ ಬಸ್ ಸ್ಟಾಪಿನಲ್ಲಿ ಕನ್ನಡ ಕೇಳಿಸಿದರೆ ಕಿವಿ ತಾನಾಗಿಯೇ ಹಿಂದಕ್ಕೆ ತಿರುಗುತ್ತದೆ. ಇಬ್ಬರು ವಿದ್ಯಾರ್ಥಿಗಳು. ಒಬ್ಬ ದಪ್ಪ ಪಿಎಚ್‌ಡಿ ಪ್ರಬಂಧವನ್ನು ಎದೆಗವಚಿಕೊಂಡಿದ್ದ.

“ಗೈಡ್ ಸಹಿ ಹಾಕಿದ್ರೇನೋ?”

“ಇಲ್ಲ ಕಣೋ. ‘ನಿಮ್ಮಮ್ಮ ಒಪ್ಪಿದ್ರೆ ಹಾಕ್ತೀನಿ’ ಅಂದ್ರು.”

“ನಿಮ್ಮಮ್ಮ ಅವ್ರಿಗೆ ಹೆಂಗೋ ಗೊತ್ತು?”

“ಮೀಟಿಂಗ್ ಮಧ್ಯೆ ಅಮ್ಮ ವಿಡಿಯೋ ಕಾಲ್ ಮಾಡಿದ್ಲು. ಗೈಡ್ ಹಲೋ ಅಂದ್ರು. ಆವತ್ತಿಂದ ದಿನಾ ಅವರಿಬ್ಬರದೇ ಮಾತು.”

“ಯಾವ ಭಾಷೇಲೋ?”

“ಭಾಷೆ ಯಾಕೆ? ಒಬ್ಬರು ನನ್ನ ಹೆಸರು ಹೇಳ್ತಾರೆ, ಇಬ್ಬರೂ ಹಣೆ ಚಚ್ಕೋತಾರೆ.”

“ಸರಿ, ಅಮ್ಮ ಏನಂದ್ರು?”

ಅವನು ತಾಯಿಯ ದನಿ ತೆಗೆದ. “‘ಹೊತ್ತೇರೋವರೆಗೂ ಬಿದ್ಕೊಂಡಿರ್ತೀಯ. ಮೂರನೇ ಅಧ್ಯಾಯ ಇನ್ನೂ ಬೇಯಬೇಕು.’”

“ಅಧ್ಯಾಯದ್ದು ಗೈಡ್ ಮಾತಲ್ವೇನೋ?”

“ಈಗ ಇಬ್ಬರದೂ ಒಂದೇ ರಾಗ.”

ಬಸ್ಸೂ ಬಂತು, ಅವನ ಫೋನೂ ಬಡಿದುಕೊಂಡಿತು.

“ಯಾರೋ?”

“ಒಂದೇ ವಿಡಿಯೋ ಕಾಲಲ್ಲಿ ಇಬ್ಬರೂ.”

ಗೆಳೆಯ ಬಸ್ ಹತ್ತಿದ. ಇವನು ತಲೆಗೂದಲು ನೀವಿಕೊಳ್ಳುತ್ತಾ ಲೈಬ್ರರಿಯತ್ತ ಓಡಿದ.