ಅಧ್ಯಕ್ಷರ ಲ್ಯಾಪ್‌ಟಾಪ್ ತಡವಾಗಿ ಆನ್ ಆದ ಬಗ್ಗೆ

ಹೆಸರು: ಡೀನಿ ವೋಲ್ಟರಿಂಕ್. ವಯಸ್ಸು: 57 ವರ್ಷ. ಉದ್ಯೋಗ: ಪ್ರೌಢಶಾಲೆಯ ಕಂಪ್ಯೂಟರ್ ಲ್ಯಾಬಿನ ಮೇಲ್ವಿಚಾರಕಿ. ವಾಸ: ಮನೆ ಸಂಖ್ಯೆ 14, ನದಿ ದಂಡೆಯ ರಸ್ತೆ, ಝುಟ್ಫೆನ್ ಪಟ್ಟಣ, ನೆದರ್ಲೆಂಡ್ಸ್.

ನಮ್ಮ ಊರಿನ ಕೈತೋಟ ಸಂಘದ ಅಧ್ಯಕ್ಷರಾದ ಶ್ರೀ ಬೆರೆಂಡ್ ಹೆಸ್ಸೆಲಿಂಕ್, ವಯಸ್ಸು 68, ಇವರು ನಾನು ಅವರ ಲ್ಯಾಪ್‌ಟಾಪನ್ನು ಬೇಕೆಂದೇ ಹಾಳು ಮಾಡಿ, ಅವರನ್ನು ಎರಡೂವರೆ ಗಂಟೆ ಕಾಲ ಅಕ್ರಮವಾಗಿ ತಡೆದು ಕೂರಿಸಿದೆ ಎಂದು ದೂರು ಕೊಟ್ಟಿರುವ ಸಂಬಂಧ, ಠಾಣೆಯಿಂದ ಕರೆ ಬಂದ ಮೇರೆಗೆ ಇಂದು ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ತಾಯಿ ಶ್ರೀಮತಿ ಆಲ್ಟಿಯೆ ವೋಲ್ಟರಿಂಕ್, ವಯಸ್ಸು 81, ಇವರು ಸದರಿ ಸಂಘ ಸದಸ್ಯರಿಗೆ ಹಂಚಿಕೊಡುವ ಜಾಗದಲ್ಲಿ ಮೂವತ್ತೊಂದು ವರ್ಷ ಒಂದು ತುಂಡು ತೋಟ ಇಟ್ಟುಕೊಂಡಿದ್ದರು. 2022ರ ಬೇಸಿಗೆಯಲ್ಲಿ ಅವರಿಗೆ ಸೊಂಟದ ಕೀಲಿನ ಆಪರೇಷನ್ ಆಗಿ ತೋಟಕ್ಕೆ ಹೋಗಲಾಗಲಿಲ್ಲ. ನಾನು ಭಾನುವಾರಗಳಂದು ಹೋಗಿ ಕಳೆ ಕಿತ್ತೆ. ನನ್ನೊಬ್ಬಳ ಕೈಯಲ್ಲಿ ಅದು ಮುಗಿಯುವ ಕೆಲಸವಾಗಿರಲಿಲ್ಲ. ಆ ದಿನಗಳಲ್ಲಿ ಶ್ರೀ ಬೆರೆಂಡ್ ಅವರು ಬೇಲಿಯಾಚೆ ನಿಂತು ಫೋಟೋ ತೆಗೆದುಕೊಂಡಿದ್ದಾರೆ.

2023ರ ಮಾರ್ಚ್ ತಿಂಗಳ ವಾರ್ಷಿಕ ಸಭೆಯಲ್ಲಿ ಅವರು ಆ ಫೋಟೋಗಳನ್ನು ಗೋಡೆಯ ಮೇಲೆ ಆಳೆತ್ತರಕ್ಕೆ ತೋರಿಸಿ, "ಇದನ್ನ ತೋಟ ಅಂತಾರೇನ್ರೀ? ಇದು ಸಫಾರಿ. ಒಳಗೆ ಹೋದವರು ಯಾರಾದ್ರೂ ವಾಪಸ್ ಬಂದ್ರೆ ನಮಗೂ ಒಂದು ಮಾತು ತಿಳಿಸಿ" ಎಂದು ಹೇಳಿದರು. ಸಭೆ ನಕ್ಕಿತು. ಅಮ್ಮ ಅವತ್ತಿಗೆಂದೇ ಇಸ್ತ್ರಿ ಮಾಡಿಟ್ಟ ನೀಲಿ ಬ್ಲೌಸ್ ಹಾಕಿಕೊಂಡು, ಊರುಗೋಲು ಹಿಡಿದು ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ಎಲ್ಲರೂ ತಿರುಗಿ ನೋಡಿದ್ದರಿಂದ ಏನು ಮಾಡಬೇಕೋ ತೋಚದೆ ಅವರೂ ನಕ್ಕರು. ಅವರನ್ನು ಮನೆಗೆ ಕರೆದೊಯ್ಯಲು ಬಂದಿದ್ದ ನಾನು ಬಾಗಿಲಲ್ಲಿ ನಿಂತು ಅದನ್ನು ನೋಡಿದೆ. ಅಮ್ಮ ಹಾಗೆ ನಕ್ಕದ್ದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಆಮೇಲೆ ಕೈ ಎತ್ತಿಸಿ ಅವರ ಸದಸ್ಯತ್ವವನ್ನು ರದ್ದು ಮಾಡಿದರು.

ಹೀಗೆ ತೆಗೆದುಹಾಕಿದವರು ಎರಡು ವರ್ಷದ ನಂತರ ಮತ್ತೆ ಕೇಳಿಕೊಳ್ಳಬಹುದು ಎಂದು ಸಂಘದ ನಿಯಮವಿದೆ. ಅಮ್ಮ ಕೇಳಿಕೊಂಡರು. ಅದು 15-03-2025, ಶನಿವಾರ ಮಧ್ಯಾಹ್ನ 2-30ರ ಸಭೆಗೆ ಬರುವುದಿತ್ತು. ನಾನೂ ಜೊತೆಗೆ ಬರುತ್ತೇನೆ ಎಂದದ್ದಕ್ಕೆ ಅಮ್ಮ, "ಬೇಡ ಕಣೇ. ಮಗಳ ಕೈ ಹಿಡ್ಕೊಂಡು ಹೋದ್ರೆ ಇವಳಿಗೆ ತೋಟ ಯಾಕೆ ಅಂತಾರೆ. ನೀನು ನಿನ್ನ ರಿಪೇರಿಗೆ ಹೋಗು" ಎಂದರು. ಆದ್ದರಿಂದ ನಾನು ನನ್ನ ರಿಪೇರಿಗೆ ಹೋದೆ.

ಪ್ರತಿ ತಿಂಗಳ ಮೂರನೆಯ ಶನಿವಾರ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ರಿಪೇರಿ ಕೂಟ ನಡೆಯುತ್ತದೆ. ಜನ ಕೆಟ್ಟ ಟೋಸ್ಟರು, ಜಿಪ್ಪು ಹೋದ ಕೋಟು, ನಿಂತ ಗಡಿಯಾರ ಹಿಡಿದುಕೊಂಡು ಬರುತ್ತಾರೆ. ನಾವು ಪುಕ್ಕಟೆಯಾಗಿ ಸರಿ ಮಾಡಿಸಿ ಕಳಿಸುತ್ತೇವೆ. ಕಂಪ್ಯೂಟರಿನ ಮೇಜು ನನ್ನದು. ಕೂಟದ ನಿಯಮಗಳನ್ನು ಬಾಗಿಲಲ್ಲೇ ತೂಗುಹಾಕಿದೆ. ವಸ್ತುವನ್ನು ಬಿಟ್ಟು ಹೋಗುವಂತಿಲ್ಲ. ಅದರ ಮಾಲೀಕರು ಎದುರಿಗೆ ಕೂರಬೇಕು, ಸ್ಕ್ರೂ ಡ್ರೈವರ್ ಅವರ ಕೈಯಲ್ಲೇ ಇರಬೇಕು. ನಾವು ಹೇಳಿಕೊಡುತ್ತೇವೆ, ಅವರು ಮಾಡುತ್ತಾರೆ. ಇದು ಕೂಟ ಶುರುವಾದಾಗಿನಿಂದ ಇರುವ ನಿಯಮ, ಆ ದಿನಕ್ಕೆಂದು ನಾನು ಮಾಡಿದ್ದಲ್ಲ.

ಅಂದು ಮಧ್ಯಾಹ್ನ 12-50ಕ್ಕೆ ಶ್ರೀ ಬೆರೆಂಡ್ ಅವರು ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದರು. ಕೂಟದ ಉಸ್ತುವಾರಿ ನೋಡಿಕೊಳ್ಳುವ ಶ್ರೀಮತಿ ಫೆನ್ನಾ ಅವರು ಅವರನ್ನು ನನ್ನ ಮೇಜಿಗೆ ತಂದು ಕೂರಿಸಿದರು. ನಾನು ಅವರನ್ನು ಬಾಗಿಲಲ್ಲೇ ಗುರುತು ಹಿಡಿದಿದ್ದೆ. ನನ್ನ ಎದೆಯ ಚೀಟಿಯಲ್ಲಿ ಡೀನಿ ಎಂದಷ್ಟೇ ಇತ್ತು. ಅವರು ನನ್ನ ಮುಖವನ್ನು ನೋಡಲೇ ಇಲ್ಲ.

"ನೋಡಮ್ಮ, ಬೆಳಗ್ಗೆಯಿಂದ ಇದು ಕಣ್ಣೇ ಬಿಡ್ತಿಲ್ಲ. ಎರಡೂವರೆಗೆ ನನಗೆ ಮೀಟಿಂಗಿದೆ. ಬೇಗ ಏನಾದ್ರೂ ಮಾಡಿ" ಎಂದರು. ಗುಂಡಿ ಒತ್ತಲು ಹೇಳಿದೆ. ದೀಪ ಹತ್ತಿತು, ಒಳಗೆ ಫ್ಯಾನು ತಿರುಗಿತು, ಪರದೆ ಕಪ್ಪಗೇ ಇತ್ತು. ಬೀಪ್ ಎಂದು ಮೂರು ಸಲ ಸದ್ದಾಯಿತು. ನಮ್ಮ ಶಾಲೆಯಲ್ಲಿ ಇದೇ ಮಾದರಿಯವು ಮೂವತ್ತಿವೆ. ಒಳಗಿನ ರ್‍ಯಾಮ್ ಪಟ್ಟಿ ಸಡಿಲವಾದರೆ ಅವು ಹೀಗೆಯೇ ಕೂಗುತ್ತವೆ. ಪಟ್ಟಿಯನ್ನು ಹೊರಗೆ ತೆಗೆದು, ಅದರ ಅಂಚನ್ನು ರಬ್ಬರಿನಿಂದ ಒರೆಸಿ, ಮತ್ತೆ ಒತ್ತಿ ಕೂರಿಸಿದರೆ ಸರಿಹೋಗುತ್ತದೆ. ಐದು ನಿಮಿಷದ ಕೆಲಸ. ಮೊದಲ ಸದ್ದಿಗೇ ನನಗೆ ಇದು ಗೊತ್ತಾಯಿತು.

ಬೇಗ ಸರಿ ಮಾಡಿಸಿ ಕಳಿಸಿಬಿಡೋಣ ಎಂದೇ ನಾನು ಆ ಕ್ಷಣದಲ್ಲಿ ಅಂದುಕೊಂಡೆ. ಅವರ ಮುಖ ನನ್ನೆದುರಿಗೆ ಇರುವುದು ನನಗೆ ಬೇಕಿರಲಿಲ್ಲ.

ಫೆನ್ನಾ ಅವರು ಕಾಫಿ ತಂದುಕೊಟ್ಟರು. ಕಾಫಿ ಕುಡಿಯುತ್ತಾ ಶ್ರೀ ಬೆರೆಂಡ್ ಅವರು ತಾವಾಗಿಯೇ ಹೇಳಿದ್ದೇನೆಂದರೆ, "ದೊಡ್ಡ ವಿಷಯ ಏನಲ್ಲ. ಒಬ್ಬಳು ಮುದುಕಿ ಇದ್ದಾಳೆ, ಹಿಂದೆ ತೋಟದಿಂದ ಓಡಿಸಿದ್ವಿ, ಈಗ ಮತ್ತೆ ವಕ್ಕರಿಸಿದ್ದಾಳೆ. ಅವಳ ಹಳೇ ಫೋಟೋ ಎಲ್ಲಾ ಇದರಲ್ಲಿದೆ. ಗೋಡೆ ಮೇಲೆ ಹಾಕಿದ್ರೆ ಸಾಕು. ಜನ ನಗ್ತಾರೆ, ಮುದುಕಿನೂ ನಗ್ತಾಳೆ, ಅಲ್ಲಿಗೆ ಮುಗೀತು."

ಫೋಟೋಗಳು ಬೇರೆ ಎಲ್ಲಾದರೂ ಇವೆಯೇ ಎಂದು ನಾನು ಕೇಳಿದೆ. "ಬೇರೆಯವರ ಕೈಗೆ ಸಿಗೋ ಹಾಗೆ ನಾನು ಏನನ್ನೂ ಇಡೋನಲ್ಲ" ಎಂದರು.

ಆಗ ಸಮಯ 1-05. ನಾನು ಖಾನೆಯಿಂದ ಕೆಲಸದ ಕ್ರಮದ ಹಾಳೆಯನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟು, ಒಂದನೆಯ ಸಾಲಿನಿಂದ ಶುರು ಮಾಡೋಣ ಎಂದು ಹೇಳಿದೆ. ಅನುಭವವಿಲ್ಲದವರು ತಪ್ಪು ಮಾಡಬಾರದೆಂದು ಆ ಹಾಳೆ ಮಾಡಿದ್ದು. ನಾನು ಅದನ್ನು ಹಲವು ವರ್ಷಗಳಿಂದ ಮುಟ್ಟಿರಲಿಲ್ಲ.

ಮೊದಲು ಚಾರ್ಜರನ್ನು ಕರೆಂಟ್ ಅಳೆಯುವ ಮೀಟರಿನಿಂದ ನೋಡಿದೆವು. ಮೀಟರಿನ ಕಡ್ಡಿಗಳನ್ನು ನಿಯಮದಂತೆ ಅವರೇ ಹಿಡಿದರು. ಕಡ್ಡಿ ಸರಿಯಾದ ಜಾಗಕ್ಕೆ ತಾಗದೆ ನಾಲ್ಕು ಸಲ ಹಿಡಿಯಬೇಕಾಯಿತು. ಚಾರ್ಜರ್ ಸರಿಯಿತ್ತು. ಆದರೂ ಬೇರೆ ಚಾರ್ಜರ್ ಹಾಕಿ ನೋಡಿ ಎಂದು ಹಾಳೆಯಲ್ಲಿದೆ, ಹಾಕಿ ನೋಡಿದೆವು. ನಂತರ ಬ್ಯಾಟರಿ ಬಿಚ್ಚಿಸಿ, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಲು ಹೇಳಿ ಜೋರಾಗಿ ಎಣಿಸಿದೆ. ಇಪ್ಪತ್ತಾರಕ್ಕೇ ಬೆರಳು ತೆಗೆದರು. ಮತ್ತೆ ಮೊದಲಿನಿಂದ ಮಾಡಿಸಿದೆ.

ಪರದೆ ಕೆಟ್ಟಿದೆಯೋ ಇಲ್ಲವೋ ತಿಳಿಯಲು ಹೊರಗಿನ ಪರದೆಗೆ ಜೋಡಿಸಿ ನೋಡಬೇಕು. ಭವನದಲ್ಲಿರುವ ಒಂದೇ ಒಂದು ಪರದೆಯನ್ನು ಹೊಲಿಗೆ ಮೇಜಿನವರು ತೆಗೆದುಕೊಂಡಿದ್ದರು. ಅದನ್ನು ಕಿತ್ತುಕೊಂಡು ಬರುವುದು ಮರ್ಯಾದೆಯಲ್ಲ, ಅವರದು ಮುಗಿಯಲಿ ಎಂದೆ. ಇಪ್ಪತ್ತು ನಿಮಿಷ ಕಾದೆವು. ಆ ಪರದೆಯೂ ಕಪ್ಪಗೇ ಇತ್ತು. ಇದರಿಂದ ಪರದೆಯ ದೋಷವಲ್ಲವೆಂದು ಖಚಿತವಾಯಿತು ಎಂದು ಅವರಿಗೆ ವಿವರಿಸಿದೆ. ಅವರು ಗಡಿಯಾರ ನೋಡಿಕೊಂಡರು.

ನಂತರ ಕೆಳಗಿನ ಮುಚ್ಚಳ ಬಿಚ್ಚಬೇಕಿತ್ತು. ಹದಿಮೂರು ಸ್ಕ್ರೂಗಳು. ಏಳನೆಯದು ಅವರ ಕೈ ಜಾರಿ ಮೇಜಿನ ಕೆಳಗೆ ಬಿತ್ತು. ಒಂದು ಸ್ಕ್ರೂ ಕಡಿಮೆಯಾದರೂ ಮುಂದುವರಿಯುವುದಿಲ್ಲ ಎಂದು ನಾನು ಹೇಳಿದ್ದರಿಂದ ಅವರು ಮಂಡಿಯೂರಿ ಹುಡುಕಿದರು. ನಾನು ಟಾರ್ಚ್ ಕೊಟ್ಟೆ. ಹಿಡಿದು ತೋರಿಸಲಿಲ್ಲ. ಕೈತೋಟ ಸಂಘದ ಅಧ್ಯಕ್ಷರು ನನ್ನ ಚಪ್ಪಲಿಯ ಹತ್ತಿರ ನಾಲ್ಕು ಕಾಲಲ್ಲಿ ತಡಕಾಡುತ್ತಿದ್ದುದನ್ನು ನೋಡಿ ನನಗೆ ಬಹಳ ಸಂತೋಷವಾಯಿತು. ಕೇಳಿದ್ದಕ್ಕೆ ಇದ್ದದ್ದನ್ನು ಹೇಳುತ್ತಿದ್ದೇನೆ.

2-15ಕ್ಕೆ, ಸಭೆಗೆ ಸೈಕಲ್ಲಿನಲ್ಲಿ ಹತ್ತು ನಿಮಿಷದ ದಾರಿ, ಬೇಕಿದ್ದರೆ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೋಗಬಹುದು ಎಂದು ಫೆನ್ನಾ ಅವರ ಎದುರಿಗೇ ನಾನು ಅವರಿಗೆ ಹೇಳಿದೆ. ಬಾಗಿಲು ತೆರೆದೇ ಇತ್ತು. "ಫೋಟೋ ಇಲ್ದೆ ನಾನಲ್ಲಿ ಹೋಗಿ ಏನು ಮಾಡ್ಲಿ?" ಎಂದರು. ಆದ್ದರಿಂದ ತಡೆದು ಕೂರಿಸಿದೆ ಎಂಬುದು ಸುಳ್ಳು. ನಾಲ್ಕು ಮಾತಾಡಲು ಬಾಯಿಲ್ಲದೆ, ಫೋಟೋ ನಂಬಿಕೊಂಡು ಅವರಾಗಿಯೇ ಕುಳಿತರು.

ಮುಂದೆ ಡಿಸ್ಕನ್ನು ಬಿಚ್ಚಿಸಿ ಹಾಗೆಯೇ ಮತ್ತೆ ಹಾಕಿಸಿದೆ. ಫ್ಯಾನಿನ ಧೂಳನ್ನು ಬ್ರಷ್ಷಿನಿಂದ ತೆಗೆಸಿದೆ. ಒಳಗಿನ ಗಡಿಯಾರಕ್ಕೆ ಬಿಲ್ಲೆಯಂಥ ಒಂದು ಚಿಕ್ಕ ಬ್ಯಾಟರಿ ಇರುತ್ತದೆ, ಅದನ್ನು ತೆಗೆಸಿ ಪಕ್ಕಕ್ಕಿಡಿಸಿದೆ. ಅರ್ಧ ಗಂಟೆ ಬಿಡಬೇಕು ಎಂದು ಹಾಳೆಯಲ್ಲಿದೆ. ಹತ್ತು ನಿಮಿಷ ಬಿಟ್ಟರೂ ಸಾಕು. ಅದನ್ನು ಅವರಿಗೆ ಹೇಳಲಿಲ್ಲ.

ಆ ಹೊತ್ತಿನಲ್ಲಿ ಫೆನ್ನಾ ಅವರು ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದು, "ಏನೇ ಡೀನಿ, ಇವತ್ತು ಇಷ್ಟು ನಿಧಾನ? ಹುಷಾರಿಲ್ವಾ?" ಎಂದು ಕೇಳಿದರು. "ಕ್ರಮವಾಗಿ ಮಾಡ್ತಿದ್ದೀನಿ ಅಷ್ಟೆ" ಎಂದೆ. ಅವರಿಗೆ ಬೇರೆ ಏನೂ ಗೊತ್ತಿರಲಿಲ್ಲ, ಅವರನ್ನು ಇದರಲ್ಲಿ ಸೇರಿಸಬಾರದು. ಶ್ರೀ ಬೆರೆಂಡ್ ಅವರು ಇನ್ನೊಂದು ಬಿಸ್ಕತ್ತಿಗೆ ಕೈ ಚಾಚಿದಾಗ ಫೆನ್ನಾ ಅವರು ಡಬ್ಬಿಯ ಮುಚ್ಚಳ ಹಾಕಿ, "ಒಬ್ಬರಿಗೆ ಒಂದೇ" ಎಂದರು. ಅದನ್ನು ಅವರು ಎಲ್ಲರಿಗೂ ಹೇಳುತ್ತಾರೆ.

2-40ಕ್ಕೆ ಸಂಘದ ಉಪಾಧ್ಯಕ್ಷರು ಫೋನು ಮಾಡಿದರು. ಶ್ರೀ ಬೆರೆಂಡ್ ಅವರದು ದೊಡ್ಡ ಗಂಟಲು, ಇಡೀ ಭವನಕ್ಕೆ ಕೇಳಿಸಿತು. "ನೀವು ಶುರು ಮಾಡ್ರಪ್ಪ. ಆ ಮುದುಕಿ ವಿಷಯ ಮಾತ್ರ ಕೊನೆಗಿಡಿ, ಬಂದೆ" ಎಂದರು. ಫೋನಿಟ್ಟು ನನ್ನನ್ನು, "ಆಯ್ತೇನಮ್ಮ?" ಎಂದು ಕೇಳಿದರು. ಇನ್ನು ಸ್ವಲ್ಪವೇ ಇದೆ ಎಂದೆ.

3-15ಕ್ಕೆ ಹಾಳೆಯ ಕೊನೆಯ ಸಾಲಿಗೆ ಬಂದೆವು. ರ್‍ಯಾಮ್ ಪಟ್ಟಿಯನ್ನು ಅವರೇ ಎಳೆದು, ನಾನು ಕೊಟ್ಟ ರಬ್ಬರಿನಿಂದ ಒರೆಸಿ, ಮತ್ತೆ ಕೂರಿಸಿದರು. 3-20ಕ್ಕೆ ಲ್ಯಾಪ್‌ಟಾಪ್ ಆನ್ ಆಯಿತು. ನಮ್ಮಲ್ಲಿ ಏನಾದರೂ ಸರಿಹೋದರೆ ಫೆನ್ನಾ ಅವರು ಗಂಟೆ ಬಾರಿಸುತ್ತಾರೆ, ಇದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟುತ್ತಾರೆ. ತಟ್ಟಿದರು. ನಾನೂ ತಟ್ಟಿದೆ.

ಚಪ್ಪಾಳೆ ನಿಲ್ಲುವ ಮೊದಲೇ ಶ್ರೀ ಬೆರೆಂಡ್ ಅವರಿಗೆ ಮತ್ತೆ ಫೋನು ಬಂತು. ಉಪಾಧ್ಯಕ್ಷರ ಮಾತು ನನಗೆ ಅರ್ಧ ಮಾತ್ರ ಕೇಳಿಸಿತು: "ಕೊನೆಗೇ ಇಟ್ಟಿದ್ವಿ ಬೆರೆಂಡ್ ಅವರೇ, ಆ ಕೊನೇನೂ ಮುಗೀತಲ್ಲ." ಸಂಜೆ ತಿಳಿದ ಪ್ರಕಾರ, ಅಮ್ಮ ಎದ್ದು ನಿಂತು, ತಾನು ಯಾವ ಸಾಲಿನಲ್ಲಿ ಏನು ನೆಡುತ್ತೇನೆ ಎಂದು ಹೇಳಿದರಂತೆ. ಯಾರೂ ನಗಲಿಲ್ಲವಂತೆ. ಬಹುಮತದಿಂದ ತೋಟ ಕೊಟ್ಟಾಗಿತ್ತು.

ಹೋಗುವಾಗ ರಿಪೇರಿ ಚೀಟಿಗೆ ಸಹಿ ಹಾಕಬೇಕು. ಅದರಲ್ಲಿ ನನ್ನ ಪೂರ್ತಿ ಹೆಸರಿತ್ತು. ಅವರು ಓದಿ, ಮೊದಲ ಸಲ ನನ್ನ ಮುಖ ನೋಡಿದರು. "ವೋಲ್ಟರಿಂಕ್? ಆ ಮುದುಕಿ ನಿನಗೇನಾಗ್ಬೇಕು?" ಎಂದರು. "ಅಮ್ಮ ಆಗ್ಬೇಕು" ಎಂದೆ. ಅವರು ಸ್ಕ್ರೂ ಡ್ರೈವರನ್ನು ಎಸೆದರು, ಅದು ಮೂರು ಮೀಟರ್ ದೂರದ ಮೇಜಿನ ಮೇಲೆ ಆಗಷ್ಟೇ ರಿಪೇರಿಯಾಗಿದ್ದ ಗಡಿಯಾರಕ್ಕೆ ಬಡಿದು ಗಾಜು ಒಡೆಯಿತು. "ಬೇಕು ಅಂತಾನೇ ಮಾಡಿದ್ದೀಯ, ನಿನ್ನನ್ನ ಬಿಡಲ್ಲ" ಎಂದು ಹೇಳಿ, ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಟುಹೋದರು. ನನ್ನ ಮೇಲಿನ ದೂರನ್ನು ಅವರು ಅದೇ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಿ ತಂದರೆಂದು ಇಲ್ಲಿ ತಿಳಿಯಿತು. ಹಾಳು ಮಾಡಿದೆ ಎಂಬುದಕ್ಕೆ ನನ್ನ ಉತ್ತರ ಅಷ್ಟೆ.

ಅಂದು ಸಂಜೆ 6-30ಕ್ಕೆ ಅಮ್ಮನ ಮನೆಯಲ್ಲಿ ಪ್ಯಾನ್‌ಕೇಕ್ ತಿನ್ನುತ್ತಾ ನಡೆದದ್ದೆಲ್ಲವನ್ನೂ ಅವರಿಗೆ ಹೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ನೀನು ಯಾರು ಅಂತ ಅವನಿಗೆ ಗೊತ್ತಾಯ್ತಾ?" ಎಂದರು. ಆಯಿತು ಎಂದೆ. "ಐದು ನಿಮಿಷದ ಕೆಲಸ ಅಂತ ಗೊತ್ತಾಯ್ತಾ?" ಇಲ್ಲಮ್ಮ, ಬರೀ ಅನುಮಾನ ಇದೆ ಎಂದೆ. "ಹಾಗಾದ್ರೆ ಅರ್ಧ ಕೆಲಸ ಮಾಡಿ ಬಂದಿದ್ದೀಯ" ಎಂದು ಹೇಳಿ, ಅವರು ತಮ್ಮ ತಟ್ಟೆಗೆ ಇನ್ನೊಂದು ಪ್ಯಾನ್‌ಕೇಕ್ ಹಾಕಿಕೊಂಡರು.

ಈ ಹೇಳಿಕೆಯನ್ನು ಬರೆದುಕೊಂಡ ಅಧಿಕಾರಿಯವರು ಅದನ್ನು ನನಗೆ ಓದಿ ಹೇಳಿದರು. ಐದು ನಿಮಿಷದ ಕೆಲಸವೆಂದು ಮೊದಲ ಸದ್ದಿಗೇ ಗೊತ್ತಾಯಿತು ಎಂಬ ಸಾಲು ಬೇಕಿಲ್ಲ, ಅದಿಲ್ಲದಿದ್ದರೆ ವಿಷಯ ಇಲ್ಲಿಗೇ ಮುಗಿಯುತ್ತದೆ, ಇದ್ದರೆ ನನ್ನನ್ನು ಮತ್ತೆ ಕರೆಸಬೇಕಾಗಬಹುದು ಎಂದು ನನ್ನ ಒಳ್ಳೆಯದಕ್ಕಾಗಿ ತಿಳಿಹೇಳಿದರು. ಇದರ ಒಂದು ಪ್ರತಿ ದೂರುದಾರರಿಗೆ ಹೋಗುತ್ತದೆಯೇ ಎಂದು ಕೇಳಿದೆ. ಅವರು ಕೇಳಿದರೆ ಹೋಗುತ್ತದೆ, ಈಗಾಗಲೇ ಕೇಳಿದ್ದಾರೆ ಎಂದರು. ಹಾಗಾದರೆ ಆ ಸಾಲು ಇರಲೇಬೇಕು ಎಂದೆ. ಎಷ್ಟು ಸಲ ಕರೆದರೂ ಬರುತ್ತೇನೆ. ಓದುವಾಗ ಕಣ್ಣು ತಪ್ಪಿಹೋಗಬಾರದೆಂದು ಅದನ್ನು ಅಕ್ಷರದಲ್ಲೂ ಅಂಕಿಯಲ್ಲೂ ಬರೆಯಬೇಕೆಂದು ಕೋರಿದ್ದೇನೆ: ಐದು (5) ನಿಮಿಷ.

ಮೇಲೆ ಬರೆದದ್ದೆಲ್ಲವೂ ನಾನು ಕಂಡು, ಮಾಡಿ, ಕೇಳಿದ ನಿಜ. ಯಾರ ಒತ್ತಾಯವೂ ಇಲ್ಲದೆ, ಒಂದು ಪದವನ್ನೂ ತೆಗೆಯಲು ಒಪ್ಪದೆ ರುಜು ಹಾಕಿರುತ್ತೇನೆ.

ಸ್ಥಳ: ಝುಟ್ಫೆನ್
ದಿನಾಂಕ: 18-03-2025

(ಸಹಿ) ಡೀನಿ ವೋಲ್ಟರಿಂಕ್